ಸಕ್ಕರೆ ಪುಡಿಯ ದಿನ ನಾನು ನಡೆಸಿದ ಗಣತಿ

ಫೆಬ್ರವರಿ ಒಂಬತ್ತು, ಭಾನುವಾರ, ಬೆಳಿಗ್ಗೆ ಎಂಟು ಹತ್ತು. ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟ ಬಸ್ಸಿನ ಕಿಟಕಿ ಪಕ್ಕ ಕುಳಿತು ನಾನು ದೇಶಸೇವೆ ಆರಂಭಿಸಿದೆ.

ಕಾರಣ, ಸಿಟ್ಟು! ಹಿಂದಿನ ದಿನ ಪತ್ರಿಕೆಯೊಂದು ಸಕ್ಕರೆ ಕಾಯಿಲೆಯವರ ಬಗ್ಗೆ ಒಂದು ಪುಟ, ಮೈತೂಕ ಮೀರಿದವರ ಬಗ್ಗೆ ಇನ್ನೊಂದು ಪುಟ ಬರೆದಿತ್ತು. ಎರಡೂ ಇರುವವರು ಈ ದೇಶದಲ್ಲಿ ಎಷ್ಟು ಮಂದಿ? ಆ ಮಾತೇ ಇಲ್ಲ! ರಕ್ತ ಒಂದು ಪುಟದಲ್ಲಿ, ಹೊಟ್ಟೆ ಇನ್ನೊಂದು ಪುಟದಲ್ಲಿ. ಮನುಷ್ಯ ಎಲ್ಲಿ ಹೋದ? ಕುಡಿದ ಚಹಾಕ್ಕೂ ದಿನಚರಿಯಲ್ಲಿ ಗೀಟು ಎಳೆಯುವ ನನಗೆ ಇಂಥ ಅವ್ಯವಸ್ಥೆ ಸಹಿಸಲಾಗದು. ಯಾರೂ ಎಣಿಸದಿದ್ದರೆ ನಾನೇ ಎಣಿಸುತ್ತೇನೆ, ಮೊದಲು ನಮ್ಮ ಬಳಗದಿಂದಲೇ ಆಗಲಿ ಎಂದುಕೊಂಡೆ. ಬ್ಯಾಗಿನಲ್ಲಿ ತೂಕದ ಯಂತ್ರ, ಸಕ್ಕರೆ ನೋಡುವ ಯಂತ್ರ, ಒಬ್ಬೊಬ್ಬರಿಗೂ ಹೊಸ ಸೂಜಿ, ಹೊಸ ಸ್ಟ್ರಿಪ್. ನಾನು ಸಜ್ಜಾಗಿದ್ದೆ.

ಅಂದು ಕಮಲಾಪುರದಲ್ಲಿ ನನ್ನ ಚಿಕ್ಕಪ್ಪನ, ಅಂದರೆ ಕಾಕಾನ, ಮಗಳು ಸವಿತಾಳ ಸಕ್ಕರೆ ಪುಡಿ. ಗಂಡಿನ ಕಡೆಯವರು ಸಕ್ಕರೆ ಪೊಟ್ಟಣ ತಂದು ಹುಡುಗಿಯ ಉಡಿಯಲ್ಲಿಟ್ಟು, ಎರಡೂ ಕಡೆಯವರು ಒಬ್ಬರಿಗೊಬ್ಬರು ಸಕ್ಕರೆ ತಿನ್ನಿಸಿದರೆ ಸಂಬಂಧ ಗಟ್ಟಿ. ಮೂರು ಸಂಬಂಧ ಮುರಿದ ಮೇಲೆ ಕೂಡಿಬಂದದ್ದು ಇದು. ಸವಿತಾಗೂ ಹುಡುಗ ಮನಸ್ಸಿಗೆ ಬಂದಿದ್ದ.

ಶಾಸ್ತ್ರ ಮುಗಿಯಿತು. ಎಲ್ಲರ ಬೆರಳಿಗೂ ಸಕ್ಕರೆ. ಅದರ ಮೇಲೆ ಎಲ್ಲರೂ ಒಂದೊಂದು ಕೆಂಪು ಬಾಳೆಹಣ್ಣು ಸುಲಿದು ತಿಂದರು. ಊಟಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ಇದಕ್ಕಿಂತ ಒಳ್ಳೆಯ ಮುಹೂರ್ತ ಇನ್ಯಾವುದು? ನಾನು ಯಂತ್ರ ತೆಗೆದೆ.

“ಏ ಪ್ರಕ್ಯಾ, ಇದೇನೋ?” ಎಂದ ಕಾಕಾ.

“ಗಣತಿ, ಕಾಕಾ. ಪೂರಾ ಪುಕ್ಕಟೆ.”

ಪುಕ್ಕಟೆ ಎಂದದ್ದೇ ತಡ, ಸಾಲು ನಿಂತಿತು! ಮೊದಲು ತೂಕ, ಆಮೇಲೆ ಬೆರಳು. ಗಣತಿ ಪಾರದರ್ಶಕವಾಗಿರಬೇಕೆಂದು ಪ್ರತಿ ಅಂಕಿಯನ್ನೂ ಗಟ್ಟಿಯಾಗಿ ಸಾರಿದೆ. ಕಾಕಾ, ಮುನ್ನೂರ ಎಂಬತ್ತೆಂಟು! ಹುಡುಗನ ಸೋದರಮಾವ, ನಾನೂರ ಐವತ್ತು! ಹಿಂದಿನ ಓಣಿಯ ಕುಸ್ತಿ ಪೈಲ್ವಾನನ ಬೆರಳಿಗೆ ಯಂತ್ರ ಅಂಕಿ ತೋರಿಸುವುದನ್ನೇ ಬಿಟ್ಟಿತು. ನನ್ನ ಸಿಟ್ಟು ನೆತ್ತಿಗೇರಿತು. ಇಷ್ಟೊಂದು ಕಾಯಿಲೆ ಇಟ್ಟುಕೊಂಡು ಇವರೆಲ್ಲ ನಗುತ್ತ ಕೂತಿದ್ದಾರಲ್ಲ! ಆಗ ಸವಿತಾ ಕೈ ಚಾಚಿದಳು.

“ಸವಿತಾ, ನಾನೂರ ಹನ್ನೆರಡು!”

ಹುಡುಗನ ತಾಯಿ ಶಾರದಾಬಾಯಿ ಎದ್ದು ನಿಂತರು.

“ಹುಡುಗಿಗಿ ಇಷ್ಟು ಸಕ್ರಿ ಅದ, ನೀವು ಮುಚ್ಚಿಟ್ಟು ಕೊಡಾಕತ್ತಿದ್ರೇನ್ರಿ?”

“ಇಲ್ರೀ ಬೀಗರ, ದೇವರಾಣಿ ನಮಗ ಗೊತ್ತೇ ಇಲ್ರಿ,” ಕಾಕಾ ಕೈ ಮುಗಿದ.

“ನಿಮ್ಮ ಮನಿ ಈ ಗಣತಿ ಹುಡುಗನ ಬಾಯಿಂದನೇ ಬಂತಲ್ರಿ. ಆ ಪೊಟ್ಟಣ ಈ ಕಡಿ ಕೊಡ್ರಿ, ನಾವು ಹೊಂಟೇವಿ!”

ಸವಿತಾ ನನ್ನತ್ತ ನೋಡಿದಳು. ಆ ನೋಟಕ್ಕೆ ಅಳತೆಯ ಯಂತ್ರ ಇನ್ನೂ ಬಂದಿಲ್ಲ.

ಅಷ್ಟರಲ್ಲಿ ಒಂದು ಇರುವೆ ಅವಳ ಮಣಿಕಟ್ಟಿನಿಂದ ಹೊರಟು, ದಾರಿ ಗೊತ್ತಿರುವ ಹಾಗೆ ಸೀದಾ ಬೆರಳ ತುದಿಗೆ ಹೋಗಿ ನಿಂತಿತು. ನಾನು ಅಳೆದದ್ದು ರಕ್ತವನ್ನಲ್ಲ. ಶಾರದಾಬಾಯಿಯವರೇ ತಂದ ಸಕ್ಕರೆಯನ್ನು!

“ಕೈ ತೊಳೀರಿ!” ಎಂದು ಕಿರುಚಿದೆ. “ಸಾಬಣ ಹಚ್ಚಿ ತೊಳೀರಿ!”

ಸವಿತಾ ಬಚ್ಚಲಿಗೆ ಓಡಿ ಕೈ ತೊಳೆದು, ಒರೆಸಿಕೊಂಡು ಬಂದಳು. ತೊಂಬತ್ತಾರು!

“ಈಗ ತೊಂಬತ್ತಾರು ಅಂದ್ರ ನಾ ನಂಬಬೇಕೇನು? ನಿನ್ನ ಡಬ್ಬಿನೇ ಖೊಟ್ಟಿ,” ಎಂದರು ಶಾರದಾಬಾಯಿ. “ಹಿಡಿ, ನಂದೂ ತೊಳದು ನೋಡು. ಅದಕ್ಕೂ ತೊಂಬತ್ತಾರ ಅಂತದ.”

ಸಿಟ್ಟಿನ ಭರದಲ್ಲಿ ಬಂದ ಮಾತು. ತೊಳೆದರು, ಒರೆಸಿದರು, ಚುಚ್ಚಿದೆ. ಇನ್ನೂರ ನಲವತ್ತೊಂದು. ಮತ್ತೊಮ್ಮೆ ತೊಳೆದರು. ಇನ್ನೂರ ಮೂವತ್ತೆಂಟು. ಇಷ್ಟಾದರೂ ನನಗೆ ಬುದ್ಧಿ ಬಂದಿರಲಿಲ್ಲ, ಅದನ್ನೂ ಗಟ್ಟಿಯಾಗಿಯೇ ಓದಿದೆ.

“ಅವ್ವಾ!” ಎಂದ ಹುಡುಗ. “ಯಾವಾಗಿಂದ?”

ಶಾರದಾಬಾಯಿ ಮೆಲ್ಲಗೆ ಕುಳಿತರು. “ನಾಕ ವರ್ಷ ಆತು. ಗುಳಿಗಿ ಅಕ್ಕಿ ಡಬ್ಬಿದಾಗ ಇಡ್ತೀನಿ. ತೂಕ ಇಳಸು ಅಂತ ಡಾಕ್ಟರ್ ಬೈತಾರ. ವಾಕಿಂಗ್ ಹೊಂಟ್ರ ಓಣ್ಯಾಗ ಯಾಕ ಅಂತ ಕೇಳ್ತಾರ. ಅವ್ವಗ ಅದ ಅಂತ ಗೊತ್ತಾದ್ರ ನಿನಗ ಹೆಣ್ಣ ಯಾರು ಕೊಡ್ತಾರಪ್ಪ?”

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಸವಿತಾಳ ತಾಯಿ, ನನ್ನ ಕಾಕು, ಸೆರಗಿನಿಂದ ಮುಖ ಒರೆಸಿಕೊಂಡಳು. “ನನಗ ಆರು ವರ್ಷ ಆತ್ರಿ. ಹುಡುಗಿ ಲಗ್ನ ಆಗೋ ತನಕ ಯಾರ ಮುಂದೂ ಬಾಯಿ ಬಿಡಬಾರದು ಅಂತ ಇದ್ದೆ.”

“ನಿಮಗೂ?”

“ನನಗೂ. ಬೆಳಗಿನ ಗುಳಿಗಿ ಯಾವುದ್ರಿ ನಿಮ್ದು?”

ಅಲ್ಲಿ ನನಗೆ ಬಂದ ಸಿಟ್ಟು ಮಾತ್ರ ನಿಜವಾದದ್ದು, ಇಂದಿಗೂ ಆರಿಲ್ಲ. ಇಬ್ಬರು ತಾಯಂದಿರು ಮಕ್ಕಳ ಮದುವೆಗೆಂದು ತಮ್ಮ ರಕ್ತವನ್ನೇ ಬಚ್ಚಿಡಬೇಕು! ಊರಿನ ಹೆದರಿಕೆಗೆ ಬೆಳಿಗ್ಗೆ ನಡೆಯಲು ಹೋಗಬಾರದು! ಕಂಡವರ ಮನೆಯಲ್ಲಿ “ಒಂದ ಹೋಳಿಗಿ ತಿಂದ್ರ ಏನಾಗ್ತದ” ಎಂದರೆ ಬಾಯಿ ಮುಚ್ಚಿಕೊಂಡು ತಿನ್ನಬೇಕು! ಇಂಥ ದೇಶದಲ್ಲಿ ಯಾರನ್ನು ಎಣಿಸುವುದು, ಹೇಗೆ ಎಣಿಸುವುದು?

ಪೊಟ್ಟಣ ಸವಿತಾಳ ಉಡಿಯಲ್ಲೇ ಉಳಿಯಿತು. ಬೀಗತಿಯರಿಬ್ಬರೂ ಊಟದಲ್ಲಿ ಅಕ್ಕಪಕ್ಕ ಕುಳಿತು, ಹೋಳಿಗೆಯನ್ನು ಒಬ್ಬರ ಮುಂದಿನಿಂದ ಒಬ್ಬರು ದೂರ ತಳ್ಳಿದರು.

ನಾನು ಚೀಲ ಕಟ್ಟುವಾಗ ಸವಿತಾ ಬಾಗಿಲಿಗೆ ಅಡ್ಡ ನಿಂತಳು. “ಅಣ್ಣಾ, ಎಲ್ಲಾರ್ದೂ ಒದರಿದಿ. ನಿಂದೆಷ್ಟು?”

“ಎಣಿಸಾವ ತನ್ನನ್ನ ಎಣಿಸ್ಕೊಳ್ಳಂಗಿಲ್ಲ. ನಿಯಮ ಅದ.”

“ಯಾರ ನಿಯಮ? ಮೊದಲ ತೂಕದ ಮ್ಯಾಲ ನಿಂದ್ರು.”

ನಿಂತೆ. ತೊಂಬತ್ತೊಂದು ಕೆ.ಜಿ. ಸವಿತಾ ಅದನ್ನು ಓಣಿಗೆಲ್ಲ ಕೇಳುವಂತೆ ಸಾರಿದಳು!

“ಈಗ ಬೆರಳು.”

“ಬಸ್ ಬಂತು!” ಎಂದೆ. ಬಸ್ ಬಂದಿರಲಿಲ್ಲ. ಉಳಿದ ಒಂದೇ ಒಂದು ಸ್ಟ್ರಿಪ್ ಜೇಬಿನಲ್ಲಿಟ್ಟುಕೊಂಡು, ತೊಂಬತ್ತೊಂದು ಕೆ.ಜಿ.ಯನ್ನೂ ಹೊತ್ತುಕೊಂಡು ಓಡಿದೆ.

ಸಕ್ಕರೆಯೂ ತೂಕವೂ ಕೂಡಿ ಬಂದವರು ದೇಶದಲ್ಲಿ ಎಷ್ಟು ಮಂದಿ ಎಂದು ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಅದಕ್ಕೆ ಒಂದು ಕೂಡಿಸಬೇಕೋ ಬೇಡವೋ ಎಂಬುದನ್ನು ಧೈರ್ಯ ಬಂದ ದಿನ ನಾನು ಹೇಳುತ್ತೇನೆ.