ಚಿಗವ್ವನ ಗೋಡೆಯ ಹುಳ

ಇಳಕಲ್ಲಿನ ನಮ್ಮ ಚಿಗವ್ವನ ಮನೆಯಲ್ಲಿ ಬೀಗರಿಗಿಂತ ಹುಳಗಳಿಗೆ ಮರ್ಯಾದೆ ಹೆಚ್ಚು! ಉತ್ಪ್ರೇಕ್ಷೆ ಅನ್ನುತ್ತೀರಾ? ಬೀಗರು ಬಂದರೆ ಚಾಪೆ ಹಾಸಿ ಸುಮ್ಮನಾಗುತ್ತಾಳೆ. ಗೋಡೆಯ ಹುಳ ಅಡ್ಡ ಬಂದರೆ ಕಸಬರಿಗೆ ಎತ್ತಿ ಹಿಡಿದು, ಅದು ದಾಟುವವರೆಗೂ ಕಾಯುತ್ತಾಳೆ.

ನೀವೂ ನೋಡಿರುತ್ತೀರಿ: ಗೋಡೆಗೆ ಅಂಟಿಕೊಂಡ, ಸೌತೆಬೀಜದಂಥ ಚಪ್ಪಟೆ ಚೀಲ. ಹುನಗುಂದದಲ್ಲಿ ಇಪ್ಪತ್ತು ವರ್ಷದಿಂದ ಮಕ್ಕಳಿಗೆ ವಿಜ್ಞಾನ ಕಲಿಸುವ ನಾನು ಅದನ್ನು ಸುಣ್ಣದ ಚಕ್ಕೆ ಎಂದೇ ನಂಬಿದ್ದೆ! ಮೊಟ್ಟೆ, ಮರಿಹುಳ, ಕೋಶ, ಪತಂಗ ಎಂದು ಬೋರ್ಡಿನ ಮೇಲೆ ಬಾಣ ಎಳೆದು ಕೈ ಝಾಡಿಸಿಕೊಳ್ಳುವ ಪಂಡಿತ. ಒಂದು ದಿನ ಚಿಗವ್ವನ ಮನೆಯಲ್ಲಿ ಸುಣ್ಣದ ಚಕ್ಕೆ ನಡೆಯತೊಡಗಿದಾಗ ಚೀರಿದವನೂ ನಾನೇ.

“ಚೀರಬ್ಯಾಡೋ ಮಾಸ್ತರಾ, ಮನಿ ಹೊತ್ಕೊಂಡು ಹೊಂಟೈತಿ” ಎಂದಳು ಚಿಗವ್ವ. “ಹುಳ ಅದರಾಗ ಬೆಳದು, ಅದರಾಗ ಮಲಗಿ, ರೆಕ್ಕಿ ಬಂದ ಮ್ಯಾಲ ಹಾರಿ ಹೋಗ್ತೈತಿ.”

“ಚೀಲಕ್ಕ ಎರಡೂ ಕಡೆ ಬಾಗಿಲ ಐತಲ್ಲ, ತಲಿ ಯಾವ ಕಡೆ?” ಎಂದೆ.

“ಊಟ ಇದ್ದ ಕಡೆ. ನಿನ್ನಂಗ!”

ನನ್ನ ಹೆಂಡತಿ ಈ ಮಾತನ್ನು ಇಂದಿಗೂ ದಿನಕ್ಕೊಮ್ಮೆ ಹೇಳುತ್ತಾಳೆ.

ಈ ಹುಳ ಧೂಳು, ಎಳೆ, ಸಿಕ್ಕಿದ್ದನ್ನೆಲ್ಲ ಸೇರಿಸಿ ತನ್ನ ಚೀಲ ಹೆಣೆಯುತ್ತದೆ. ನೇಕಾರರ ಮನೆಯಲ್ಲಿ ಸಿಗುವುದೇನು? ನೂಲಿನ ಚೂರು! ಚಿಗವ್ವನ ಗಂಡ, ನಮ್ಮ ಕಾಕಾ, ಹಸಿರು ಸೀರೆ ನೇಯ್ದರೆ ಹುಳದ ಚೀಲಕ್ಕೂ ಹಸಿರು ಪಟ್ಟೆ. ಕಳೆದ ತಿಂಗಳು ಮಗ್ಗದ ಮೇಲೆ ಯಾವ ಸೀರೆಯಿತ್ತು ಎಂಬುದನ್ನು ಚಿಗವ್ವ ಗೋಡೆ ನೋಡಿಯೇ ಹೇಳುತ್ತಿದ್ದಳು. ನಾವು ಅವಳ ಬೆನ್ನ ಹಿಂದೆ ನಗುತ್ತಿದ್ದೆವು.

ಕಾಕಾ ತೀರಿಕೊಂಡು ವರ್ಷವಾಯಿತು. ಮನೆಗೆ ಬಣ್ಣ ಹೊಡೆಸುವ ಯಜಮಾನಿಕೆಯನ್ನು ನಾನೇ ಮೈಮೇಲೆ ಎಳೆದುಕೊಂಡೆ. ಮಗ್ಗದ ಹಿಂದಿನ ಗೋಡೆಗೆ ಕಸಬರಿಗೆ ಎತ್ತಿದ್ದೇ ತಡ, ಚಿಗವ್ವ ಅಡ್ಡ ನಿಂತಳು. ಮೂಲೆಯಲ್ಲಿ ಒಂದೇ ಒಂದು ಚೀಲ, ದಾಳಿಂಬೆ ಕೆಂಪು.

“ಅದು ಖಾಲಿ ಐತಿ ಚಿಗವ್ವಾ. ಹುಳ ಹಾರಿ ಹೋಗೈತಿ” ಎಂದೆ, ಒಮ್ಮೆಯಾದರೂ ಪಾಠ ಸರಿಯಾಗಿ ಹೇಳಿದ ಜಂಬದಲ್ಲಿ.

“ಗೊತ್ತೈತೋ. ನಿಮ್ಮ ಕಾಕಾ ಕಡೀಕ ನೇದ ಸೀರಿ ಬಣ್ಣ ಅದು. ಸೀರಿ ಯಾರೋ ಉಟ್ಕೊಂಡು ಹೋದ್ರು. ನನ್ನ ಕಡೆ ಇಷ್ಟ ಉಳದೈತಿ.”

ಕಸಬರಿಗೆ ತಾನಾಗಿ ಕೆಳಗಿಳಿಯಿತು. ಇಷ್ಟು ವರ್ಷ ಇವಳನ್ನು ನೋಡಿ ನಕ್ಕಿದ್ದೆನಲ್ಲ!

ಈಗ ಆ ಗೋಡೆಯ ಮೂಲೆಯಲ್ಲಿ ಅಂಗೈಯಗಲ ಜಾಗಕ್ಕೆ ಬಣ್ಣವಿಲ್ಲ. ಬಂದವರೆಲ್ಲ “ಇಷ್ಟ ಬಿಟ್ಟ ಶ್ಯಾಣ್ಯಾ ಯಾರ್ರಿ?” ಎಂದು ನಗುತ್ತಾರೆ. ಆ ಜಾಣ ನಾನೇ ಎನ್ನುತ್ತೇನೆ.