ಸಾರಕ್ಕಿಯ ಟ್ಯಾಂಕಿಗೆ ನಾನು ಹಿಡಿಸಿದ ತುಕ್ಕು

ತಾನಾಗಿಯೇ ಹಾರುವ ಯಂತ್ರದ ಜೊತೆ ಕೆಲಸ ಮಾಡುವವನಿಗೆ ಗಂಭೀರವಾದ ಮುಖವೊಂದಿದ್ದರೆ ಸಾಕು ಎಂದು ನಾನು ಬಹಳ ದಿನ ನಂಬಿದ್ದೆ. ಸೇತುವೆ, ನೀರಿನ ಟ್ಯಾಂಕುಗಳನ್ನು ಡ್ರೋನಿನಿಂದ ಪರೀಕ್ಷಿಸುವುದು ನನ್ನ ಹೊಟ್ಟೆಪಾಡು. ದಾರಿ, ಎತ್ತರ, ದೂರ ಎಲ್ಲವನ್ನೂ ಮೊದಲೇ ತುಂಬಿಸಿಟ್ಟರೆ ಅದೇ ಏರುತ್ತದೆ, ಸುತ್ತುತ್ತದೆ, ಫೋಟೋ ತೆಗೆದು ಹೊರಟ ಜಾಗಕ್ಕೇ ಬಂದು ಇಳಿಯುತ್ತದೆ. ನಾನು ರಿಮೋಟ್ ಹಿಡಿದು, ಮದುವೆಮನೆಯಲ್ಲಿ ಕೆಲಸವಿಲ್ಲದ ಸೋದರಮಾವನಂತೆ ಹುಬ್ಬು ಗಂಟಿಕ್ಕಿಕೊಂಡು ನಿಂತಿರುತ್ತೇನೆ. ಇಂಥ ಅನ್ನದಾತನಿಗೆ ಆಯುಧಪೂಜೆ ಮಾಡದಿದ್ದರೆ ಹೇಗೆ? ಕತ್ರಿಗುಪ್ಪೆಯ ನಮ್ಮ ಮನೆಯಲ್ಲಿ ಸ್ಕೂಟರು, ಮಿಕ್ಸಿಗಳ ಪಕ್ಕ ಅದನ್ನೂ ಕೂರಿಸಿ ನಾನೇ ಕುಂಕುಮ ಇಡಲು ಹೊರಟೆ. "ಕಣ್ಣಿಗೆ ಮಾತ್ರ ಇಡ್ಬೇಡಿ," ಎಂದಳು ಹೆಂಡತಿ ಸುಮ. "ಅದಕ್ಕೆ ಬೇರೆ ಹಣೆ ಎಲ್ಲಿದೆ?" ಎಂದು ಕ್ಯಾಮೆರಾಕ್ಕೇ ಇಟ್ಟೆ. ಹಬ್ಬ ಮುಗಿದ ಮೇಲೆ ಟವೆಲಿನಿಂದ ಒಂದು ಸಲ ತೀಡಿದ್ದೆ, ಅಷ್ಟೇ.

ಮರುದಿನ ಸಾರಕ್ಕಿಯ ಹಳೆಯ ನೀರಿನ ಟ್ಯಾಂಕಿನ ಪರೀಕ್ಷೆ. ಡ್ರೋನು ಒಂದು ಸುತ್ತು ಹಾಕಿ ಬಂತು. ಯಾವ ಫೋಟೋ ನೋಡಿದರೂ ಕೆಂಪು ಕಲೆ. "ಸುತ್ತಲೂ ಕಂಬಿ ತುಕ್ಕು ಹಿಡಿದಿದೆ ಮೇಡಂ," ಎಂದೆ ಅಲ್ಲಿದ್ದ ಎಂಜಿನಿಯರಿಗೆ, ದೊಡ್ಡ ಡಾಕ್ಟರ ಗತ್ತಿನಲ್ಲಿ. ಎಲ್ಲ ಫೋಟೋದಲ್ಲೂ ಕಲೆ ಒಂದೇ ಮೂಲೆಯಲ್ಲಿದೆಯೆಂದು ಈ ಪರಿಣತನಿಗೆ ಹೊಳೆಯಲಿಲ್ಲ. ಆಕೆ ಗಾಬರಿಯಾದರು. "ಹಾಗಾದ್ರೆ ನೀರು ನಿಲ್ಲಿಸ್ಬೇಕಾಗತ್ತೆ. ಯಾವುದಕ್ಕೂ ಮುನಿಯಪ್ಪನವ್ರೇ, ಒಂದ್ಸಲ ಹತ್ತಿ ನೋಡ್ಬಿಡಿ," ಎಂದರು. ಮುನಿಯಪ್ಪ ಅಲ್ಲಿನ ವಾಲ್ವ್‌ಮನ್. ನಿವೃತ್ತಿಗೆ ಹತ್ತಿರವಾದವರು, ಮಂಡಿಗೆ ಪಟ್ಟಿ ಕಟ್ಟಿಕೊಂಡಿದ್ದರು. ಯಾರೂ ಹತ್ತುವುದು ಬೇಡವೆಂದೇ ನನ್ನನ್ನು ಕರೆಸಿದ್ದು. ಅವರು ಮೆಟ್ಟಿಲು ಮೆಟ್ಟಿಲಿಗೂ ನಿಂತು ಉಸಿರು ಬಿಡುತ್ತಾ ಹತ್ತುತ್ತಿದ್ದರು. ಸುಮ್ಮನೆ ನಿಲ್ಲಲಾರದೆ ಡ್ರೋನನ್ನು ಕೈಗೆತ್ತಿಕೊಂಡು ತಿರುಗಿಸಿದೆ. ಗಾಜಿನ ಮೇಲೆ ನಾನಿಟ್ಟ ಕುಂಕುಮ. ಆಗಲೇ ಕೂಗಿ ಅವರನ್ನು ಇಳಿಸಬಹುದಿತ್ತು. ಮಾನ ಹೋಗುತ್ತದೆಂದು ಬಾಯಿ ಬಿಡಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ಏನೂ ಇಲ್ಲ ಮೇಡಂ, ಗಟ್ಟಿಯಾಗೈತೆ," ಎನ್ನುತ್ತಾ ಮುನಿಯಪ್ಪ ಇಳಿದು ಬಂದರು. ನನ್ನ ಕೈಯಲ್ಲಿದ್ದ ಡ್ರೋನನ್ನು ನೋಡಿ, ಹೆಗಲ ವಸ್ತ್ರದ ತುದಿಯಿಂದ ಗಾಜನ್ನು ತಾವೇ ಒರೆಸಿದರು. "ಪೂಜೆ ಮಾಡಿದ್ರಾ ಸಾರ್?"

"ನಮ್ಮನೆಯವ್ಳು. ಎಷ್ಟು ಹೇಳಿದ್ರೂ ಕೇಳಲ್ಲ," ಎಂದೆ. ಸುಳ್ಳು ಕೂಡ ತಾನಾಗಿಯೇ ಹಾರಿತು.

"ಅಮ್ಮಾವ್ರಿಗೆ ಬೈಬೇಡಿ ಸಾರ್. ಪಾಪ, ಭಕ್ತಿಯಿಂದ ಇಟ್ಟಿರ್ತಾರೆ," ಎಂದು ಮಂಡಿ ಹಿಡಿದುಕೊಂಡು ಕಲ್ಲಿನ ಮೇಲೆ ಕೂತರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಮನೆಗೆ ಬಂದರೆ ಸುಮ ಕೇಳಿದ ಮೊದಲ ಮಾತೇ, "ಅದರ ಕಣ್ಣು ಒರೆಸಿದ್ರಾ?"

"ಒರೆಸಾಯ್ತು," ಎಂದೆ. ಯಾರು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. "ಮುಂದಿನ ವರ್ಷ ಕುಂಕುಮ ನೀನೇ ಇಟ್ಬಿಡು," ಎಂದಷ್ಟೇ ಹೇಳಿದೆ. ಒಂದು ವರ್ಷ ತಡವಾಗಿಯಾದರೂ ಮುನಿಯಪ್ಪನವರಿಗೆ ಹೇಳಿದ ನನ್ನ ಮಾತು ನಿಜವಾಗಲಿ.