ಬತ್ತಿದ ಹಸುವಿನ ಹಾಲನ್ನು ಪತ್ತೆ ಹಚ್ಚಿದ ವಿಶ್ವವಿದ್ಯಾಲಯಕ್ಕೆ

ಬಂಗಾರಪೇಟೆ
ನವೆಂಬರ್ 1993

ವಾಣಿಜ್ಯ ಮತ್ತು ಅರ್ಥಶಾಸ್ತ್ರ ಬಿಟ್ಟು ಬೇರೇನನ್ನೂ ಕಲಿಸದ ಯುರೋಪಿನ ಪುಟ್ಟ ವಿಶ್ವವಿದ್ಯಾಲಯದ ಕುಲಪತಿಗಳಿಗೆ,

ಮಾನ್ಯರೇ,

ತಮಗೂ, ತಮ್ಮ ಪ್ರಾಧ್ಯಾಪಕ ವೃಂದಕ್ಕೂ, ಕಳೆದ ಆಗಸ್ಟಿನಲ್ಲಿ ನಮ್ಮ ಹಳ್ಳಿಯ ಹಾಲಿನ ಡೈರಿಯನ್ನು ಅಧ್ಯಯನ ಮಾಡಲು ಬಂದು ಬಿಸಿಲಿಗೆ ಟೊಮೇಟೊ ಬಣ್ಣಕ್ಕೆ ತಿರುಗಿದ ತಮ್ಮ ಇಬ್ಬರು ವಿದ್ಯಾರ್ಥಿಗಳಿಗೂ ಈ ತಾಲ್ಲೂಕಿನ ಸಮಸ್ತ ಹಸುಗಳ ಪರವಾಗಿ ನಮಸ್ಕಾರಗಳು. ಊರಿಗಾಂನ ಇಂಗ್ಲಿಷ್ ಶಾಲೆಯಲ್ಲಿ ಓದಿದವಳೆಂಬ ಕಾರಣಕ್ಕೆ ಅವರ ಜೊತೆ ಮನೆಮನೆ ತಿರುಗಿ ಮಾತು ಮುಟ್ಟಿಸುವ ಭಾಗ್ಯ ನನ್ನದಾಗಿತ್ತು.

ನಮ್ಮ ಡೈರಿಯಲ್ಲಿ ಬಹಳ ದಿನ ಹಾಲು ಹಾಕದವರ ಸದಸ್ಯತ್ವ ಹೋಗುತ್ತದೆ. ಒಬ್ಬಳ ಹಸು ಗಬ್ಬವಾಗಿ ಹಾಲು ಬತ್ತಿದಾಗ ಹಾಗಾಗದಿರಲೆಂದು ಪಕ್ಕದ ಮನೆಯಾಕೆ ತನ್ನ ಹಾಲಿನಲ್ಲೇ ಒಂದು ಚೊಂಬನ್ನು ಅವಳ ಹೆಸರಿಗೆ ಹಾಕುತ್ತಾಳೆ. ಈಕೆಯ ಹಸು ಬತ್ತಿದಾಗ ಅವಳು ಹಾಕುತ್ತಾಳೆ. ಒಂದೇ ಹಸುವಿರುವ ಆದಿಲಕ್ಷ್ಮಿಯ ಹೆಸರಿಗೆ ಅಂಜಮ್ಮ ಹೀಗೆ ಹಾಕುತ್ತಿದ್ದಳು. ತಮ್ಮ ವಿದ್ಯಾರ್ಥಿಗಳು ಆದಿಲಕ್ಷ್ಮಿಯ ಕೊಟ್ಟಿಗೆಯಲ್ಲಿ ಬತ್ತಿದ ಕೆಚ್ಚಲನ್ನೂ ಡೈರಿಯಲ್ಲಿ ಅವಳ ಹೆಸರಿನ ಹಾಲನ್ನೂ ಕಂಡು, ವರದಿಯಲ್ಲಿ ವಂಚನೆ ಎಂದು ಬರೆದರು. ಬಡ್ಡಿಯಿಲ್ಲದ, ಜಾಮೀನಿಲ್ಲದ ಸಾಲವೊಂದು ಚೊಂಬಿನಲ್ಲಿ ತುಳುಕುತ್ತ ಕಣ್ಣೆದುರೇ ಹೋಗುತ್ತಿದ್ದರೂ ಅದನ್ನು ಸಾಲವೆಂದು ಗುರುತಿಸದಿರಲು ಎಂಥ ಕಠಿಣ ತರಬೇತಿ ಬೇಕೆಂದು ನೆನೆದು ನಾನು ತಲೆಬಾಗುತ್ತೇನೆ.

ನಾನು ವಿವರಿಸಿದ್ದು ಸಾಲದೆ ಹೋಯಿತೇ ಎಂದು ಆಗಾಗ ಕೇಳಿಕೊಳ್ಳುತ್ತೇನೆ. ಎರಡು ಸಂಜೆ ವಿವರಿಸಿದ್ದೆ; ಅವರು ತಲೆಯಾಡಿಸಿ ಇನ್ನೊಂದು ಲೋಟ ಮಜ್ಜಿಗೆ ಕೇಳಿದ್ದರು.

ವರದಿ ವಿಮಾನದಲ್ಲಿ ಬಂತೆಂಬ ಗೌರವಕ್ಕೆ ಡೈರಿಯ ಅಧ್ಯಕ್ಷ ಸುಬ್ಬರಾಯಪ್ಪನವರು ಅದಕ್ಕೆ ಗಾಜು ಹಾಕಿಸಿ, ಕುಂಕುಮವಿಟ್ಟು, ಸದಸ್ಯರ ಪುಸ್ತಕದಲ್ಲಿ ಆದಿಲಕ್ಷ್ಮಿಯ ಹೆಸರನ್ನು ಹೊಡೆದು ಹಾಕಿದರು. ಅವಳ ಹಸು ಇನ್ನೇನು ಕರು ಹಾಕಲಿದೆ. ಡೈರಿ ಬೇಡವೆಂದರೆ ಸ್ಟೇಷನ್ ಮುಂದಿನ ಟೀ ಅಂಗಡಿಯವನು ಕೊಟ್ಟಷ್ಟಕ್ಕೆ ಹಾಲು ಸುರಿದು ಬರಬೇಕು. ಆ ಮನೆಗೆ ಬೇರೆ ವರಮಾನವಿಲ್ಲ. “ಗಬ್ಬದ ಅಸ ಬತ್ತೋದು ಕಳ್ಳತನವೇನಕ್ಕಾ? ಅವರ ದೇಸದಾಗೆ ಅಸಗಳು ರಜಾನೇ ಆಕಲ್ವಾ?” ಎಂದು ಅವಳು ಕೇಳುತ್ತಾಳೆ. ಅಂಜಮ್ಮನದು ಇನ್ನೂ ಒರಟು: “ನನ್ನ ಆಲು, ನನ್ನ ಚೊಂಬು. ನಾನ್ ಯಾರ ಎಸರಿಗುಯ್ದ್ರೆ ಆ ಕೆಂಪುಮೂತಿಗಳಿಗೇನಂತೆ?”

ಆದ್ದರಿಂದ ಮಾನ್ಯರು ಗಬ್ಬದಲ್ಲೂ ಬತ್ತದ, ವರ್ಷಕ್ಕೊಮ್ಮೆ ಲಾಭನಷ್ಟದ ಲೆಕ್ಕ ಒಪ್ಪಿಸಬಲ್ಲ ಹಸುವೊಂದನ್ನು ಆದಿಲಕ್ಷ್ಮಿಗೆ ಕಳಿಸಿಕೊಡಬೇಕು. ಆಗದಿದ್ದರೆ ಪ್ರಾಧ್ಯಾಪಕರೊಬ್ಬರು ಬಂದು ಹೊಟ್ಟೆಯೊಳಗಿನ ಕರುವಿಗೆ ವರದಿಯನ್ನು ಓದಿ ಹೇಳಲಿ; ಅದಕ್ಕೆ ಒಪ್ಪಿಗೆಯಾದರೆ ಹುಟ್ಟುವುದನ್ನು ಮುಂದೂಡಬಹುದು.

ತಮ್ಮ ವಿಶ್ವಾಸಿಯಾಗಲು ಇನ್ನೂ ಪ್ರಯತ್ನಿಸುತ್ತಿರುವ,
ಸುಗುಣ

ತಾಜಾಕಲಂ: ಪತ್ರ ಅಂಚೆಗೆ ಹೋಗುವ ಮೊದಲೇ ಹಸು ಕರು ಹಾಕಿತು. ಗಿಣ್ಣಿನ ದಿನಗಳು ಕಳೆದ ಮೇಲೆ ಹಾಲು ಹೊತ್ತು ಹೋದ ಆದಿಲಕ್ಷ್ಮಿಯನ್ನು ಡೈರಿಯಿಂದ ಹಿಂದಕ್ಕೆ ಕಳಿಸಿದರು. ಅಂದು ಸಂಜೆ ಊರಿನ ಯಾವ ಹೆಂಗಸೂ ಹಾಲು ಹಾಕಲಿಲ್ಲ, ಅಧ್ಯಕ್ಷರ ಹೆಂಡತಿ ಮುನಿನಾರಾಯಣಮ್ಮ ಕೂಡ. ಹಾಲಿನ ಲಾರಿ ಖಾಲಿ ಹೋಯಿತು. ಬೆಳಗಾಗುತ್ತಲೇ ಅಧ್ಯಕ್ಷರು ಆದಿಲಕ್ಷ್ಮಿಯ ಬಾಗಿಲಲ್ಲಿ ನಿಂತು, “ಬಾರಮ್ಮ, ನಿನ್ನ ಎಸರು ಅಂಗೇ ಐತೆ. ಅವತ್ತು ನಾನೇ ಕನ್ನಡಕ ಆಕ್ಕೊಂಡಿರ್ಲಿಲ್ಲ” ಎಂದರು. ಈ ಸಿದ್ಧಾಂತವನ್ನು ತಮ್ಮ ಪಠ್ಯಕ್ಕೆ ಸೇರಿಸಿಕೊಳ್ಳಲು ನಮ್ಮೂರಿನವರ ಅಭ್ಯಂತರವೇನೂ ಇಲ್ಲ.